ಬಾಗಿಲಲ್ಲೊಂದು ಫೈರ್‌ವಾಲ್, ಲ್ಯಾಪ್‌ಟಾಪ್ ಒಳಗೊಂದು: ಎಂಟು ತಿಂಗಳು ಬಳಸಿದ ಮೇಲೆ

ನಾನು ನೆಟ್‌ವರ್ಕ್ ಕೆಲಸದವಳಲ್ಲ. ಮನೆಯಲ್ಲೇ ಕೂತು ಬೇರೆಯವರ ಲೆಕ್ಕ ಬರೆಯುವವಳು. ಹತ್ತಾರು ಜನರ ಬ್ಯಾಂಕ್ ವಿವರ, ತೆರಿಗೆ ಕಾಗದ ನನ್ನ ಲ್ಯಾಪ್‌ಟಾಪಿನಲ್ಲಿ ಇರುತ್ತವೆ. ಅದೇ ವೈಫೈಗೆ ಮಗನ ಗೇಮಿಂಗ್ ಲ್ಯಾಪ್‌ಟಾಪ್, ನಮ್ಮನೆಯವರ ಮ್ಯಾಕ್, ಅತ್ತೆಯ ಟಿವಿ, ಪ್ರಿಂಟರ್, ಎರಡು ಕ್ಯಾಮೆರಾ, ಐದು ಫೋನು ಎಲ್ಲ ಸೇರಿಕೊಂಡಿದ್ದವು. ಒಂದು ದಿನ ತಮ್ಮ ಕೇಳಿದ, "ಅಕ್ಕ, ಆ ಕ್ಯಾಮೆರಾಗೆ ಕೊನೇ ಸಲ ಅಪ್‌ಡೇಟ್ ಬಂದಿದ್ದು ಯಾವಾಗ?" ಗೊತ್ತಿರಲಿಲ್ಲ. ಹುಡುಕಿದೆ. ಆ ಮಾಡೆಲ್‌ಗೆ ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿ ತುಂಬಾ ದಿನ ಆಗಿತ್ತು. ನಮ್ಮ ಮನೆಗೆ ಫೈರ್‌ವಾಲ್, ಅಂದರೆ ನೆಟ್‌ವರ್ಕ್‌ನಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಅಂತ ನೋಡುವ ಕಾವಲು, ಬಂದಿದ್ದು ಹೀಗೆ.

ಈಗ ಎಂಟು ತಿಂಗಳಿಂದ ಎರಡು ಥರದ ಫೈರ್‌ವಾಲ್ ಒಟ್ಟಿಗೆ ಓಡುತ್ತಿವೆ. ಇಂಟರ್ನೆಟ್ ಮನೆಯೊಳಗೆ ಬರುವ ಜಾಗದಲ್ಲಿ ಒಂದು ಸಣ್ಣ ಕಪ್ಪು ಡಬ್ಬ. ಒಂದೊಂದು ಕಂಪ್ಯೂಟರಿನ ಒಳಗೂ ಅದರದೇ ಫೈರ್‌ವಾಲ್. "ಎರಡೂ ಯಾಕೆ, ಒಂದು ಸಾಲದಾ?" ಅಂತ ಕೇಳುವವರಿಗೆ ಈ ಬರಹ.

ಮೊದಲು ಡಬ್ಬದ ಬಗ್ಗೆ. ಫ್ಯಾನ್ ಇಲ್ಲದ ಮಿನಿ ಪಿಸಿ ಅದು. ಇಂಟೆಲ್ ಎನ್100 ಚಿಪ್, 8 ಜಿಬಿ ರ‍್ಯಾಮ್, ಹಿಂದೆ ನೆಟ್‌ವರ್ಕ್ ಕೇಬಲ್ ಸಿಗಿಸುವ ನಾಲ್ಕು ಜಾಗ. ಸದ್ದಿಲ್ಲ, ಮುಟ್ಟಿದರೆ ಸ್ವಲ್ಪ ಬೆಚ್ಚಗಿರುತ್ತದೆ ಅಷ್ಟೇ. ಅದರ ಮೇಲೆ ಓಪಿಎನ್‌ಸೆನ್ಸ್ ಹಾಕಿದ್ದೇನೆ. ಇದು ಫ್ರೀಬಿಎಸ್‌ಡಿ ಅನ್ನುವ ಆಪರೇಟಿಂಗ್ ಸಿಸ್ಟಂ ಮೇಲೆ ಓಡುವ, ದುಡ್ಡು ಕೊಡಬೇಕಿಲ್ಲದ ಫೈರ್‌ವಾಲ್ ವ್ಯವಸ್ಥೆ. 2015ರಲ್ಲಿ ಪಿಎಫ್‌ಸೆನ್ಸ್ ಅನ್ನುವ ಇನ್ನೊಂದು ಫೈರ್‌ವಾಲ್ ವ್ಯವಸ್ಥೆಯಿಂದ ಕವಲೊಡೆದು ಬಂದಿದ್ದು. ಅಂದರೆ 'ಹಾರ್ಡ್‌ವೇರ್ ಫೈರ್‌ವಾಲ್' ಅನ್ನುವ ಹೆಸರೇ ಅರ್ಧ ಸುಳ್ಳು. ಅದರೊಳಗೂ ಕೆಲಸ ಮಾಡುವುದು ಸಾಫ್ಟ್‌ವೇರೇ. ಬೇರೆ ಡಬ್ಬದಲ್ಲಿ, ಬೇರೆ ಜಾಗದಲ್ಲಿ ಕೂತಿದೆ ಅನ್ನುವುದಷ್ಟೇ ವ್ಯತ್ಯಾಸ. ಆದರೆ ಆ 'ಬೇರೆ ಜಾಗ'ಕ್ಕೆ ತುಂಬಾ ಬೆಲೆ ಇದೆ, ಆಮೇಲೆ ಹೇಳುತ್ತೇನೆ.

ಮೊದಲ ಸಂಜೆ ನಡೆದಿದ್ದು ಪೂರ್ತಿ ನನ್ನದೇ ಎಡವಟ್ಟು. ಇಂಟರ್ನೆಟ್ ಕೊಡುವವರ ರೌಟರಿನ ವಿಳಾಸ 192.168.1.1. ಓಪಿಎನ್‌ಸೆನ್ಸ್ ಹಾಕಿದಾಗ ಅದು ಮನೆಯ ಕಡೆಗೆ ತಾನಾಗಿ ಇಟ್ಟುಕೊಳ್ಳುವ ವಿಳಾಸವೂ 192.168.1.1. ಡಬ್ಬದ ಎರಡೂ ಪಕ್ಕದಲ್ಲಿ ಒಂದೇ ವಿಳಾಸ! ಪಾಪ, ಅದು ಯಾವ ಕಡೆಗೆ ಕಳಿಸಬೇಕು? ನೆಟ್ ಇಲ್ಲ. ನಾನು ಕೇಬಲ್ ಬದಲಾಯಿಸಿದೆ, ಮತ್ತೆ ಇನ್‌ಸ್ಟಾಲ್ ಮಾಡಿದೆ, ಎರಡು ಗಂಟೆ ಹೋಯಿತು. ಮಗ ಬಾಗಿಲಲ್ಲಿ ನಿಂತು "ಅಮ್ಮಾ, ಇವತ್ತು ಬರುತ್ತಾ ನೆಟ್ಟು?" ಅಂತ ಮೂರು ಸಲ ಕೇಳಿದ. ಕೊನೆಗೆ ತಮ್ಮನಿಗೆ ಫೋನ್ ಮಾಡಿದೆ. ಅವನು ನಗುತ್ತಾ, "ಡಬ್ಬಕ್ಕೆ ಮಾನಿಟರ್ ಸಿಗಿಸು, ಮೆನುವಿನಲ್ಲಿ 2 ಒತ್ತು, ಮನೆ ಕಡೆ ವಿಳಾಸ ಬದಲಾಯಿಸು" ಅಂದ. 192.168.50.1 ಅಂತ ಮಾಡಿದೆ. ಐದು ನಿಮಿಷದಲ್ಲಿ ನೆಟ್ ಬಂತು.

ಇನ್ನೊಂದು ವಿಷಯ ಕೊಳ್ಳುವಾಗ ಯಾರೂ ಹೇಳಲಿಲ್ಲ. ಈ ಡಬ್ಬದಲ್ಲಿ ವೈಫೈ ಇಲ್ಲ. ಹಳೆಯ ರೌಟರನ್ನು ಬ್ರಿಜ್ ಮೋಡ್‌ಗೆ, ಅಂದರೆ ಇಂಟರ್ನೆಟ್ಟನ್ನು ಸುಮ್ಮನೆ ಡಬ್ಬಕ್ಕೆ ದಾಟಿಸುವಂತೆ, ಹಾಕಿದರೆ ಅದರ ವೈಫೈ ಸಾಮಾನ್ಯವಾಗಿ ಉಪಯೋಗಕ್ಕೆ ಬರುವುದಿಲ್ಲ. ಹಾಕದಿದ್ದರೆ ರೌಟರಿನಲ್ಲೊಮ್ಮೆ, ಡಬ್ಬದಲ್ಲೊಮ್ಮೆ ಅಂತ ಎರಡೆರಡು ಸಲ ವಿಳಾಸ ಬದಲಾಗುತ್ತದೆ, ಗೇಮ್ ಆಡುವ ಮಗ ಸುಮ್ಮನಿರುವುದಿಲ್ಲ. ಹಾಗಾಗಿ ವೈಫೈ ಹರಡುವ ಬೇರೆ ಆಕ್ಸೆಸ್ ಪಾಯಿಂಟ್ ತರಬೇಕಾಯಿತು. ಅದೂ ಒಂದಕ್ಕಿಂತ ಜಾಸ್ತಿ ವೈಫೈ ಹೆಸರು ಇಟ್ಟು, ಒಂದೊಂದನ್ನೂ ಬೇರೆ ಬೇರೆ ವಿ-ಲ್ಯಾನ್‌ಗೆ (ಮನೆಯ ನೆಟ್‌ವರ್ಕನ್ನೇ ಪಾಲು ಮಾಡಿದ ಒಂದು ಭಾಗ) ಸೇರಿಸಲು ಬಿಡುವಂಥದ್ದು. ಇದನ್ನೂ ಖರ್ಚಿನ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಬ್ರಿಜ್ ಮೋಡ್‌ಗೆ ಹಾಕಿದ ರಾತ್ರಿ ಡಬ್ಬದ ಲೈವ್ ಲಾಗ್ ತೆಗೆದು ನೋಡಿದೆ. ಏನೇನು ಬಂತು, ಹೋಯಿತು ಅಂತ ಆಗಿಂದಾಗಲೇ ತೋರಿಸುವ ಪಟ್ಟಿ ಅದು, ತಡೆದಿದ್ದು ಕೆಂಪು, ಬಿಟ್ಟಿದ್ದು ಹಸಿರು. ಪರದೆ ತುಂಬಾ ಕೆಂಪು ಸಾಲುಗಳು. 23, 22, 3389, 445. ಇವು ಪೋರ್ಟ್ ಸಂಖ್ಯೆಗಳು, ಅಂದರೆ ಯಂತ್ರದ ಒಂದೊಂದು ಸೇವೆಗೆ ಇರುವ ಒಂದೊಂದು ಬಾಗಿಲು. ಎಲ್ಲೆಲ್ಲಿಂದಲೋ ಯಾರ‍್ಯಾರೋ ಬಾಗಿಲು ತಟ್ಟುತ್ತಿದ್ದಾರೆ. ಎದೆ ಧಸಕ್ ಅಂದಿತು. ಮನೆಯವರನ್ನು ಕರೆದು ತೋರಿಸಿದೆ. "ಇಷ್ಟು ಜನ ನಮ್ಮನೆಗೆ ಯಾಕೆ ಬರ‍್ತಿದಾರೆ?" ಅಂದರು.

ಯಾರೂ ನಮ್ಮ ಮನೆಯನ್ನೇ ಹುಡುಕಿಕೊಂಡು ಬರುತ್ತಿರಲಿಲ್ಲ. ಹಳೆಯ ಮಾದರಿಯ ಐಪಿ ವಿಳಾಸಗಳು ಇರುವುದೇ ಸುಮಾರು 430 ಕೋಟಿ. ಅಷ್ಟನ್ನೂ ಒಂದೊಂದಾಗಿ ತಟ್ಟಿ ನೋಡುವುದು ಯಂತ್ರಗಳಿಗೆ ದೊಡ್ಡ ಕೆಲಸವೇನಲ್ಲ. 23 ಅಂದರೆ ಟೆಲ್ನೆಟ್, ದೂರದಿಂದ ಯಂತ್ರದೊಳಗೆ ಹೋಗುವ ಹಳೆಯ ದಾರಿ. 2016ರಲ್ಲಿ ಮಿರಾಯ್ ಅನ್ನುವ ಬಾಟ್‌ನೆಟ್ (ಕಳ್ಳರ ವಶವಾದ ಯಂತ್ರಗಳ ದಂಡು) ಇದೇ ಬಾಗಿಲಿನಿಂದ ನುಗ್ಗಿ, ಕಂಪನಿ ಇಟ್ಟ ಪಾಸ್‌ವರ್ಡ್ ಬದಲಾಯಿಸದೇ ಬಿಟ್ಟಿದ್ದ ಕ್ಯಾಮೆರಾ, ರೌಟರ್‌ಗಳನ್ನು ಹಿಡಿದಿತ್ತು. ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಈ ಕೆಂಪು ಸಾಲುಗಳನ್ನು ನೋಡಿ "ಡಬ್ಬ ತಂದಿದ್ದು ಸಾರ್ಥಕ" ಅಂದುಕೊಂಡರೆ ಅದು ತಪ್ಪು. ಹಳೆಯ ರೌಟರ್ ಕೂಡ ಇವುಗಳಲ್ಲಿ ಬಹುಪಾಲನ್ನು ಸುಮ್ಮನೆ ಕಸಕ್ಕೆ ಹಾಕುತ್ತಿತ್ತು, ನಮಗೆ ತೋರಿಸುತ್ತಿರಲಿಲ್ಲ ಅಷ್ಟೇ. ಒಂದು ವಾರ ಆದ ಮೇಲೆ ನಾನು ಆ ಪರದೆ ನೋಡುವುದನ್ನೇ ಬಿಟ್ಟೆ.

ಡಬ್ಬದ ನಿಜವಾದ ಉಪಯೋಗ ಕಂಡಿದ್ದು ಉಲ್ಟಾ ದಿಕ್ಕಿನಲ್ಲಿ. ಹೊರಗಿನಿಂದ ಒಳಗೆ ಅಲ್ಲ, ಒಳಗಿನಿಂದ ಹೊರಗೆ. ಲಾಗ್‌ನಲ್ಲಿ ಕ್ಯಾಮೆರಾದ ವಿಳಾಸ ಹಾಕಿ ಸೋಸಿ ನೋಡಿದೆ. ನಡುರಾತ್ರಿ, ಮನೆಯಲ್ಲಿ ಎಲ್ಲರೂ ಮಲಗಿದ್ದಾಗಲೂ ಅದು ನನಗೆ ಗೊತ್ತಿಲ್ಲದ ಯಾವುದೋ ವಿಳಾಸದ ಜೊತೆ ಮಾತಾಡುತ್ತಲೇ ಇತ್ತು. ನಾವು ಅದರ ಆ್ಯಪ್ ಬಳಸುವುದನ್ನು ಬಿಟ್ಟು ವರ್ಷ ಆಗಿತ್ತು. ಕ್ಯಾಮೆರಾ ಒಳಗೆ ನಾವು ಫೈರ್‌ವಾಲ್ ಹಾಕಲು ಆಗುವುದಿಲ್ಲ. ಟಿವಿಗೂ ಇಲ್ಲ, ಪ್ರಿಂಟರಿಗೂ ಇಲ್ಲ. ಇವುಗಳ ಮೇಲೆ ಕಣ್ಣಿಡಬೇಕಾದರೆ ದಾರಿಯಲ್ಲಿ ಬೇರೆ ಯಾರಾದರೂ ಕೂರಬೇಕು. ಡಬ್ಬ ಕೂತಿರುವ ಜಾಗಕ್ಕೆ ಬೆಲೆ ಇದೆ ಅಂದಿದ್ದು ಇದಕ್ಕೇ.

ಕ್ಯಾಮೆರಾ ಎರಡನ್ನೂ ಬೇರೆ ವಿ-ಲ್ಯಾನ್‌ಗೆ ಹಾಕಿದೆ. ಅಲ್ಲಿಂದ ಇಂಟರ್ನೆಟ್ ಬಂದ್, ನಮ್ಮ ಕಂಪ್ಯೂಟರುಗಳ ಕಡೆಗೂ ಬಂದ್. ಆದರೆ ನನ್ನ ಲ್ಯಾಪ್‌ಟಾಪಿನಿಂದ ಕ್ಯಾಮೆರಾ ನೋಡಬಹುದು. "ಬಂದ್ ಮಾಡಿದರೆ ಚಿತ್ರ ಹೆಂಗೆ ವಾಪಸ್ ಬರುತ್ತೆ?" ಅಂತ ನನಗೂ ತಲೆ ಕೆಟ್ಟಿತ್ತು. ಮಾತು ಯಾರು ಶುರು ಮಾಡಿದರು ಅನ್ನುವುದನ್ನು ಡಬ್ಬ ನೆನಪಿಟ್ಟುಕೊಳ್ಳುತ್ತದೆ. ನಾನು ಕೇಳಿದ್ದಕ್ಕೆ ಬರುವ ಉತ್ತರವನ್ನು ಬಿಡುತ್ತದೆ. ಕ್ಯಾಮೆರಾ ತಾನಾಗಿ ಬಾಯಿ ತೆರೆದರೆ ಬಿಡುವುದಿಲ್ಲ. ಅದರ ಜಾಗದಿಂದ ಎದ್ದ ಕೆಂಪು ಸಾಲುಗಳನ್ನು ನೋಡಿದಾಗ ಮಾತ್ರ ನಿಜಕ್ಕೂ ಖುಷಿಯಾಯಿತು.

ಟಿವಿಯನ್ನೂ ಬೇರೆ ಮಾಡಿದೆ, ಮಾರನೇ ದಿನವೇ ಪೆಟ್ಟು ಬಿತ್ತು. ಅತ್ತೆ ಫೋನಿನಿಂದ ಟಿವಿಗೆ ವಿಡಿಯೊ ಕಳಿಸಲು ಹೋದರೆ ಟಿವಿಯೇ ಕಾಣಿಸುತ್ತಿಲ್ಲ. ಫೋನು ಟಿವಿಯನ್ನು ಹುಡುಕುವುದು ಎಂಡಿಎನ್‌ಎಸ್ ಅನ್ನುವ ಕೂಗಿನಿಂದ, 5353 ಪೋರ್ಟಿನಲ್ಲಿ. ಆ ಕೂಗು ತನ್ನ ನೆಟ್‌ವರ್ಕ್ ದಾಟಿ ಹೋಗುವುದಿಲ್ಲ. ಓಪಿಎನ್‌ಸೆನ್ಸ್‌ನಲ್ಲಿ ಎಂಡಿಎನ್‌ಎಸ್ ರಿಪೀಟರ್ ಅಂತ ಒಂದು ಪ್ಲಗಿನ್ ಇದೆ, ಆ ಕಡೆಯ ಕೂಗನ್ನು ಈ ಕಡೆಗೆ ದಾಟಿಸುತ್ತದೆ. ಹಾಕಿದ ಮೇಲೆ ಸರಿಹೋಯಿತು. ಆದರೆ ಆ ಎರಡು ದಿನ ಅತ್ತೆ ನನ್ನ ಜೊತೆ ಅಷ್ಟಾಗಿ ಮಾತಾಡಲಿಲ್ಲ.

ಇಷ್ಟಾದ ಮೇಲೆ ನನಗೂ ಒಂದು ಜಂಬ ಬಂದಿತ್ತು. ಬಾಗಿಲಲ್ಲಿ ಇಷ್ಟು ಗಟ್ಟಿ ಕಾವಲು ಇದೆಯಲ್ಲ, ಇನ್ನು ಲ್ಯಾಪ್‌ಟಾಪಿನ ಫೈರ್‌ವಾಲ್ ಯಾಕೆ? ಆರಿಸಿಬಿಟ್ಟರೆ ಪ್ರಿಂಟರ್ ಕಿರಿಕಿರಿಯಾದರೂ ತಪ್ಪುತ್ತದೆ ಅಂದುಕೊಂಡೆ. ತಮ್ಮ "ಆರಿಸೋ ಮೊದಲು ಒಂದು ಪರೀಕ್ಷೆ ಮಾಡಿ ನೋಡು" ಅಂದ.

ಮಾಡಿದೆ. ನನ್ನ ಲ್ಯಾಪ್‌ಟಾಪು, ಮಗನದು, ಎರಡೂ ಒಂದೇ ವೈಫೈನಲ್ಲಿ. ನನ್ನದರ ವಿಳಾಸದ ಕೊನೆ 50.21, ಅವನದರದ್ದು 50.34. ನನ್ನದರಲ್ಲಿ ಫೈಲ್ ಶೇರಿಂಗ್ ತೆರೆದಿತ್ತು, ನೆಟ್‌ವರ್ಕ್ 'ಪ್ರೈವೇಟ್' (ನಂಬಬಹುದಾದ ಜಾಗ) ಅಂತ ಇತ್ತು. ಒಂದು ಕಡೆ ಡಬ್ಬದ ಲೈವ್ ಲಾಗ್ ತೆಗೆದಿಟ್ಟೆ. ಮಗನ ಲ್ಯಾಪ್‌ಟಾಪಿನಲ್ಲಿ ಆಜ್ಞೆ ಟೈಪ್ ಮಾಡುವ ಪವರ್‌ಶೆಲ್‌ನಿಂದ ನನ್ನ 445 ಪೋರ್ಟನ್ನು, ಅಂದರೆ ಫೈಲ್ ಶೇರಿಂಗ್ ಬಾಗಿಲನ್ನು, ತಟ್ಟಿದೆ. ಕ್ಷಣದಲ್ಲಿ 'ಟ್ರೂ' ಅಂತ ಬಂತು. ಬಾಗಿಲು ತೆರೆದಿದೆ ಅಂತ ಅರ್ಥ. ಡಬ್ಬದ ಲಾಗ್ ನೋಡಿದೆ. ಕೆಂಪೂ ಇಲ್ಲ, ಹಸಿರೂ ಇಲ್ಲ. ಒಂದು ಸಾಲೂ ಇಲ್ಲ! ಡಬ್ಬಕ್ಕೆ ವಿಷಯವೇ ಗೊತ್ತಿಲ್ಲ. ಒಂದೇ ನೆಟ್‌ವರ್ಕ್‌ನ ಎರಡು ಯಂತ್ರಗಳ ಮಾತು ಆಕ್ಸೆಸ್ ಪಾಯಿಂಟಿನಲ್ಲೇ ತಿರುಗಿ ಹೋಗುತ್ತದೆ, ಬಾಗಿಲವರೆಗೆ ಬರುವುದೇ ಇಲ್ಲ.

ಆಮೇಲೆ ನನ್ನ ನೆಟ್‌ವರ್ಕನ್ನು 'ಪಬ್ಲಿಕ್' (ನಂಬಬಾರದ ಜಾಗ) ಅಂತ ಬದಲಾಯಿಸಿ ಮತ್ತೆ ತಟ್ಟಿದೆ. ಈ ಸಲ ಸುಮಾರು ಹೊತ್ತು ಕಾದು 'ಫಾಲ್ಸ್' ಅಂತ ಬಂತು. ವಿಂಡೋಸ್ ಫೈರ್‌ವಾಲ್ ಲಾಗ್ ತೆಗೆದರೆ ಅಲ್ಲಿ ಸಾಲು ಇತ್ತು. ಡ್ರಾಪ್ (ಬಿಡದೆ ಬಿಸಾಕಿದ್ದು), ಟಿಸಿಪಿ (ಮಾಹಿತಿ ಸಾಗಿಸುವ ಒಂದು ವಿಧಾನ), 50.34ರಿಂದ 50.21ಕ್ಕೆ, 445. ತಡೆದಿದ್ದು ಇದು, ಡಬ್ಬ ಅಲ್ಲ.

2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ಪ್ರೋಗ್ರಾಂ ಹರಡಿದ್ದು ಇದೇ 445 ಪೋರ್ಟಿನಿಂದ. ಒಂದು ಯಂತ್ರಕ್ಕೆ ಹತ್ತಿದರೆ ಸಾಕಿತ್ತು, ಪಕ್ಕದ ಯಂತ್ರಗಳನ್ನು ತಾನೇ ಹುಡುಕಿಕೊಂಡು ಹೋಗುತ್ತಿತ್ತು. ಅದರ ತೂತು ಮುಚ್ಚುವ ಅಪ್‌ಡೇಟ್ ಎರಡು ತಿಂಗಳ ಮೊದಲೇ, ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಮಗ ಎಲ್ಲಿಂದಲೋ ಗೇಮಿಗೆ 'ಮಾಡ್' ಅಂತ ಏನೇನೋ ಇಳಿಸಿಕೊಳ್ಳುತ್ತಾನೆ. ಅವನ ಯಂತ್ರಕ್ಕೆ ಏನಾದರೂ ಹತ್ತಿದರೆ ಅದಕ್ಕೂ ನನ್ನ ಲೆಕ್ಕಗಳಿಗೂ ನಡುವೆ ಇರುವುದು ನನ್ನ ಲ್ಯಾಪ್‌ಟಾಪಿನ ಫೈರ್‌ವಾಲ್ ಒಂದೇ. ಅವತ್ತಿನಿಂದ ಅದನ್ನು ಆರಿಸುವ ಮಾತು ಎತ್ತಿಲ್ಲ. ಲ್ಯಾಪ್‌ಟಾಪ್ ಹೊರಗೆ ಒಯ್ದು ಇನ್ನೊಬ್ಬರ ವೈಫೈ ಹಿಡಿದಾಗಲೂ ಅಷ್ಟೇ ಅಲ್ವಾ? ಡಬ್ಬ ಮನೆಯಲ್ಲೇ ಕೂತಿರುತ್ತದೆ.

ವಿಂಡೋಸ್ ಜೊತೆಗೇ ಬರುವ ಈ ಫೈರ್‌ವಾಲನ್ನು ಜನ ಕಡೆಗಣಿಸುತ್ತಾರೆ, ಬಿಟ್ಟಿ ಬಂದಿದ್ದಲ್ವಾ. ಎಕ್ಸ್‌ಪಿ ಕಾಲದಲ್ಲಿ, 2001ರಲ್ಲಿ, ಒಂದು ಫೈರ್‌ವಾಲ್ ಇತ್ತು, ಆದರೆ ತಾನಾಗಿ ಆನ್ ಆಗಿರುತ್ತಿರಲಿಲ್ಲ. 2003ರಲ್ಲಿ ಬ್ಲಾಸ್ಟರ್ ಅನ್ನುವ ವರ್ಮ್ (ತಾನಾಗಿ ಹರಡುವ ಕೆಟ್ಟ ಪ್ರೋಗ್ರಾಂ) ಬಂದು ಯಂತ್ರಗಳನ್ನು ಗೋಳಾಡಿಸಿದ ಮೇಲೆ, 2004ರ ಸರ್ವೀಸ್ ಪ್ಯಾಕ್ 2 ಅನ್ನುವ ದೊಡ್ಡ ಅಪ್‌ಡೇಟ್‌ನಲ್ಲಿ ಅದನ್ನು ಎಲ್ಲರಿಗೂ ಆನ್ ಮಾಡಿ ಕೊಟ್ಟರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತಾರಲ್ಲ, ಹಾಗೆ. ಈಗಿನದು ಕೆಲಸಕ್ಕೆ ಏನೂ ಕಮ್ಮಿ ಇಲ್ಲ. ಒಳಗೆ ಬರುವುದನ್ನು ತಡೆಯುತ್ತದೆ, ಹೊರಗೆ ಹೋಗುವುದನ್ನು ಬಿಡುತ್ತದೆ. ಇದು ಮೊದಲಿನಿಂದ ಇಟ್ಟಿರುವ ಕ್ರಮ.

ಆ ಎರಡನೆಯದನ್ನೂ ತಡೆಯೋಣ ಅಂತ ಒಮ್ಮೆ ಹೊರಟೆ. ಹೊರಗೆ ಹೋಗುವುದನ್ನೆಲ್ಲ ಬ್ಲಾಕ್ ಮಾಡಿ, ಬೇಕಾದ ಪ್ರೋಗ್ರಾಂಗಳನ್ನು ಮಾತ್ರ ಬಿಡೋಣ ಅಂತ. ಮೂರು ದಿನಕ್ಕೆ ಸೋತೆ. ಅಪ್‌ಡೇಟ್ ನಿಂತಿತು, ಪ್ರಿಂಟರ್ ನಿಂತಿತು, ಯಾವುದಕ್ಕೆ ಯಾವ ರೂಲ್ ಬೇಕು ಅಂತ ಹುಡುಕುವುದರಲ್ಲೇ ಕೆಲಸ ಕೆಟ್ಟಿತು. ಮ್ಯಾಕ್‌ನಲ್ಲಿ ಲುಲು ಅನ್ನುವ ಉಚಿತ ಪ್ರೋಗ್ರಾಂ ಹಾಕಿದ್ದೇನೆ. ಹೊಸ ಪ್ರೋಗ್ರಾಂ ಹೊರಗೆ ಹೋಗಲು ನೋಡಿದರೆ "ಬಿಡಲಾ, ಬೇಡವಾ?" ಅಂತ ಕೇಳುತ್ತದೆ. ಒಳ್ಳೆಯ ಪ್ರೋಗ್ರಾಮೇ. ಆದರೆ ನಮ್ಮನೆಯವರು ಓದುವುದೇ ಇಲ್ಲ, ಕಂಡಿದ್ದಕ್ಕೆಲ್ಲ 'ಅಲೋ' ಒತ್ತುತ್ತಾರೆ. ಕೇಳಿದರೆ "ನೀನೇ ಹಾಕಿದ್ದಲ್ವಾ, ನೀನೇ ನೋಡ್ಕೋ" ಅಂತಾರೆ.

ಆದರೂ ಯಾವ ಪ್ರೋಗ್ರಾಂ ಹೊರಗೆ ಹೋಗುತ್ತಿದೆ ಅಂತ ಹೆಸರು ಹಿಡಿದು ಹೇಳುವ ಶಕ್ತಿ ಇರುವುದು ಯಂತ್ರದೊಳಗಿನ ಫೈರ್‌ವಾಲಿಗೆ ಮಾತ್ರ. ಡಬ್ಬಕ್ಕೆ ಕಾಣುವುದು 50.21ರಿಂದ ಎಲ್ಲಿಗೋ, 443 ಪೋರ್ಟಿಗೆ ಅನ್ನುವುದಷ್ಟೇ. ಬ್ರೌಸರ್ ಕೂಡ 443, ಕಳ್ಳ ಪ್ರೋಗ್ರಾಂ ಕೂಡ 443. ಒಳಗಿನ ಮಾತು ಗೂಢಲಿಪಿಯಲ್ಲಿ ಇರುತ್ತದೆ. ಇದೇ ಕಾರಣಕ್ಕೆ ಡಬ್ಬದಲ್ಲಿ ಸುರಿಕಾಟ ಅನ್ನುವ ಪ್ರೋಗ್ರಾಂ ಹಾಕಿ ದಾಳಿ ಪತ್ತೆ ಮಾಡೋಣ ಅಂತ ಹೊರಟವಳು ಒಂದು ತಿಂಗಳಿಗೆ ಆರಿಸಿದೆ. ಸುಳ್ಳು ಎಚ್ಚರಿಕೆಗಳೇ ಜಾಸ್ತಿ, ನೆಟ್ ವೇಗವೂ ಸ್ವಲ್ಪ ಇಳಿಯಿತು. ಮನೆಗೆ ಅದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಎರಡೂ ಇದ್ದರೆ ಬರುವ ತಲೆನೋವೂ ಹೇಳಬೇಕು. ಏನಾದರೂ ಕೆಲಸ ಮಾಡದಿದ್ದರೆ ತಡೆದವರು ಯಾರು ಅಂತ ಗೊತ್ತಾಗುವುದಿಲ್ಲ. ಫೋನಿನಿಂದ ಲ್ಯಾಪ್‌ಟಾಪಿಗೆ ಫೋಟೊ ಕಳಿಸುವ ಒಂದು ಪ್ರೋಗ್ರಾಂ ಹಾಕಿದ್ದೆ. ಮೊದಲ ಸಲ ತೆರೆದಾಗ ವಿಂಡೋಸ್ "ಇದನ್ನು ಬಿಡಬೇಕಾ?" ಅಂತ ಕೇಳಿತು. ಅವಸರದಲ್ಲಿದ್ದೆ, 'ಕ್ಯಾನ್ಸಲ್' ಒತ್ತಿದೆ. ಕ್ಯಾನ್ಸಲ್ ಅಂದರೆ "ಆಮೇಲೆ ನೋಡೋಣ" ಅಂತ ನಾನು ತಿಳಿದಿದ್ದೆ. ವಿಂಡೋಸ್ ತಿಳಿದುಕೊಂಡಿದ್ದು "ಬೇಡ" ಅಂತ. ಆ ಪ್ರೋಗ್ರಾಂ ಹೆಸರಿನಲ್ಲಿ ಟಿಸಿಪಿಗೊಂದು, ಯುಡಿಪಿ ಅನ್ನುವ ಇನ್ನೊಂದು ವಿಧಾನಕ್ಕೊಂದು ಬ್ಲಾಕ್ ರೂಲ್ ಬರೆದಿಟ್ಟಿತು. ಫೋಟೊ ಬರಲಿಲ್ಲ. ನಾನು ಎರಡು ಸಂಜೆ ಡಬ್ಬದ ರೂಲ್ಸ್ ಕೆದಕಿದೆ. ವಿಂಡೋಸ್‌ನಲ್ಲಿ ಬಿಡು ಅಂತ ಹೊಸ ರೂಲನ್ನೂ ಬರೆದೆ. ಆದರೂ ಇಲ್ಲ. ಬಿಡು ಅನ್ನುವ ರೂಲಿಗಿಂತ ಬೇಡ ಅನ್ನುವ ರೂಲಿಗೆ ಅಲ್ಲಿ ಬಲ ಜಾಸ್ತಿ. ಕೊನೆಗೆ ಇನ್‌ಬೌಂಡ್ (ಒಳಗೆ ಬರುವ) ರೂಲ್ಸ್ ಪಟ್ಟಿಯಲ್ಲಿ ಆ ಕೆಂಪು ಗುರುತು ಕಂಡಿತು. ಎರಡನ್ನೂ ಅಳಿಸಿದೆ, ಫೋಟೊ ಬಂತು. ಈಗ ನನ್ನ ಕ್ರಮ ಹೀಗೆ: ಎರಡೂ ಯಂತ್ರ ಒಂದೇ ನೆಟ್‌ವರ್ಕ್‌ನಲ್ಲಿದ್ದರೆ ಡಬ್ಬದ ಕಡೆ ತಲೆಯೇ ಹಾಕುವುದಿಲ್ಲ. ಬೇರೆ ಬೇರೆ ಇದ್ದರೆ ಮೊದಲು ಡಬ್ಬದ ಲಾಗ್, ಅಲ್ಲಿ ಹಸಿರು ಇದ್ದರೆ ಆಮೇಲೆ ಯಂತ್ರದ ಲಾಗ್. ವಿಂಡೋಸ್‌ನ ಲಾಗ್ ತಾನಾಗಿ ಬರೆಯುವುದಿಲ್ಲ, ಡ್ರಾಪ್ ಆಗಿದ್ದನ್ನು ಬರಿ ಅಂತ ಮೊದಲೇ ಹೇಳಿಡಬೇಕು.

ಇನ್ನೊಂದು ಅನುಭವ ಮಗನ ಲ್ಯಾಪ್‌ಟಾಪಿನದು. ಕೊಂಡಾಗ ಅದರ ಜೊತೆಗೇ ಯಾವುದೋ ಸೆಕ್ಯುರಿಟಿ ಸೂಟ್ ಬಂದಿತ್ತು. ಅದಕ್ಕೆ ತನ್ನದೇ ಫೈರ್‌ವಾಲ್ ಇತ್ತು. ವಿಂಡೋಸ್‌ನ ಸೆಟ್ಟಿಂಗ್ಸ್ ತೆರೆದರೆ "ಇದನ್ನು ಬೇರೆ ಪ್ರೋಗ್ರಾಂ ನೋಡಿಕೊಳ್ಳುತ್ತಿದೆ" ಅಂತ ತೋರಿಸುತ್ತಿತ್ತು. ನೋಡಿಕೊಳ್ಳುವ ಮಹಾಶಯನ ಅವಧಿ ಮುಗಿದು ಐದು ತಿಂಗಳಾಗಿತ್ತು, ಅದರ ಫೈರ್‌ವಾಲ್ ಆಫ್ ಆಗಿತ್ತು. ಕಾವಲುಗಾರ ಮನೆಗೆ ಹೋಗಿದ್ದಾನೆ, ಕುರ್ಚಿ ಮಾತ್ರ ಬಿಟ್ಟುಕೊಟ್ಟಿಲ್ಲ! ಸೂಟ್ ಕಿತ್ತು ಹಾಕಿದೆ, ರೀಸ್ಟಾರ್ಟ್ ಮಾಡಿದ ಮೇಲೆ ವಿಂಡೋಸ್‌ನದು ತಾನಾಗಿ ಎದ್ದು ಕೂತಿತು. ಡಬ್ಬ ಒಂದು, ಯಂತ್ರದೊಳಗೆ ಒಂದು ಅಂದರೆ ಸರಿ. ಒಂದೇ ಯಂತ್ರದೊಳಗೆ ಎರಡು ಬೇಡವೇ ಬೇಡ.

ಐಪಿವಿ6, ಅಂದರೆ ಹೊಸ ಮಾದರಿಯ ಐಪಿ ವಿಳಾಸದ ಬಗ್ಗೆ ಚಿಕ್ಕದಾಗಿ. ಹಳೆಯ ಐಪಿಯಲ್ಲಿ ಮನೆಯ ಎಲ್ಲ ಯಂತ್ರಗಳೂ ಒಂದೇ ವಿಳಾಸದ ಹಿಂದೆ ಮರೆಯಾಗಿರುತ್ತವೆ. ಐಪಿವಿ6ರಲ್ಲಿ ಒಂದೊಂದಕ್ಕೂ ಹೊರಗಿನವರು ಮುಟ್ಟಬಹುದಾದ ಸ್ವಂತ ವಿಳಾಸ ಸಿಗುತ್ತದೆ, ಆ ಮರೆ ಇರುವುದಿಲ್ಲ. ಅಲ್ಲಿ ತಡೆಯಬೇಕಾದ್ದು ಫೈರ್‌ವಾಲೇ. ಓಪಿಎನ್‌ಸೆನ್ಸ್ ಹೊರಗಿನಿಂದ ಬರುವುದನ್ನು ಎರಡರಲ್ಲೂ ತಾನಾಗಿ ತಡೆಯುತ್ತದೆ. ನಿಮ್ಮ ರೌಟರಿನಲ್ಲಿ ಹೇಗಿದೆ ಅಂತ ಒಮ್ಮೆ ಸೆಟ್ಟಿಂಗ್ಸ್ ತೆರೆದು ನೋಡಿಕೊಳ್ಳಿ. ಹಾಗೇ ಯುಪಿಎನ್‌ಪಿ ಆನ್ ಇದ್ದರೆ ಆರಿಸಿ. ಒಳಗಿರುವ ಯಾವ ಯಂತ್ರ ಕೇಳಿದರೂ ಹೊರಗಿನ ಬಾಗಿಲು ತೆರೆದುಕೊಡುವ ವ್ಯವಸ್ಥೆ ಅದು.

ಹಾಗಾದರೆ ಕೊಳ್ಳಬೇಕಾ? ಮನೆಯಲ್ಲಿ ಎರಡು ಲ್ಯಾಪ್‌ಟಾಪು, ನಾಲ್ಕು ಫೋನು ಮಾತ್ರ ಇದ್ದು, ರೌಟರಿಗೆ ಇನ್ನೂ ಅಪ್‌ಡೇಟ್ ಬರುತ್ತಿದ್ದರೆ ಬೇಡ. ಆ ರೌಟರೇ ನಿಮ್ಮ ಹಾರ್ಡ್‌ವೇರ್ ಫೈರ್‌ವಾಲ್. ಅದರ ಪಾಸ್‌ವರ್ಡ್ ಬದಲಾಯಿಸಿ, ಲ್ಯಾಪ್‌ಟಾಪಿನ ಫೈರ್‌ವಾಲ್ ಆನ್ ಇದೆಯಾ ನೋಡಿ, ಅಷ್ಟು ಸಾಕು. ಅಪ್‌ಡೇಟ್ ನಿಂತಿದ್ದರೆ, ನಿಮ್ಮ ಮಾಡೆಲ್‌ಗೆ ಓಪನ್‌ಡಬ್ಲ್ಯೂಆರ್‌ಟಿ ಅನ್ನುವ ಉಚಿತ ರೌಟರ್ ಸಾಫ್ಟ್‌ವೇರ್ ಹಾಕಲು ಬರುತ್ತದಾ ಅಂತ ಮೊದಲು ಹುಡುಕಿ, ಹೊಸ ಡಬ್ಬ ಆಮೇಲೆ. ಕ್ಯಾಮೆರಾ, ಟಿವಿ, ಬಲ್ಬು, ಪ್ಲಗ್ಗು ಅಂತ ಫೈರ್‌ವಾಲ್ ಹಾಕಲಾಗದ ಸಾಮಾನು ಜಾಸ್ತಿ ಇದ್ದು, ಅದೇ ನೆಟ್‌ವರ್ಕ್‌ನಲ್ಲಿ ಬೇರೆಯವರ ಕಾಗದಪತ್ರ ಇಟ್ಟುಕೊಂಡಿದ್ದರೆ ತೆಗೆದುಕೊಳ್ಳಿ. ಆದರೆ ತಿಂಗಳಿಗೆ ಒಂದೆರಡು ಸಂಜೆ ಅದಕ್ಕೆ ಕೊಡಲು ಮನಸ್ಸಿರಬೇಕು. ಓಪಿಎನ್‌ಸೆನ್ಸ್‌ಗೆ ವರ್ಷಕ್ಕೆ ಎರಡು ದೊಡ್ಡ ಆವೃತ್ತಿ ಬರುತ್ತವೆ, ಜನವರಿಯಲ್ಲೊಂದು, ಜುಲೈನಲ್ಲೊಂದು. ನಡುವೆ ಸಣ್ಣಪುಟ್ಟ ಅಪ್‌ಡೇಟ್‌ಗಳು. ಹಾಕುವ ಮೊದಲು ಸೆಟ್ಟಿಂಗ್ಸ್ ಎಲ್ಲ ಒಂದು ಫೈಲಿಗೆ ಇಳಿಸಿಟ್ಟುಕೊಳ್ಳಿ, ಒಂದು ನಿಮಿಷದ ಕೆಲಸ.

ಮತ್ತೆ, ಡಬ್ಬ ಕೆಟ್ಟರೆ ಇಡೀ ಮನೆಯ ನೆಟ್ ಹೋಗುತ್ತದೆ. ಆರನೇ ತಿಂಗಳಲ್ಲಿ ಅದರ ಜೊತೆ ಬಂದಿದ್ದ ಅಡಾಪ್ಟರ್ ಸತ್ತಿತು. ನಾನು ಮನೆಯಲ್ಲಿ ಇರಲಿಲ್ಲ. ಇಂಥದ್ದು ಆಗಬಹುದು ಅಂತ ಹಳೆಯ ರೌಟರಿನ ಮೇಲೆ ಒಂದು ಚೀಟಿ ಅಂಟಿಸಿದ್ದೆ: "ಕಪ್ಪು ಡಬ್ಬದ ನೀಲಿ ವೈರ್ ತೆಗೆಯಿರಿ. ರೌಟರಿನ ಹಿಂದಿನ ಸಣ್ಣ ತೂತಿಗೆ ಪಿನ್ ಹಾಕಿ ಹತ್ತು ಎಣಿಸಿ. ಅಡಿಯಲ್ಲಿ ಬರೆದಿರೋ ವೈಫೈಗೆ ಸೇರಿಕೊಳ್ಳಿ." ಮಗನೂ ಇರಲಿಲ್ಲ, ನಮ್ಮನೆಯವರೂ ಇರಲಿಲ್ಲ. ಸಂಜೆ ಫೋನ್ ಮಾಡಿದರೆ ಅತ್ತೆ, "ನಾನೇ ಮಾಡಿದೆ ಕಣಮ್ಮ. ಹತ್ತು ಎಣಿಸಿದ್ರೂ ಆಗ್ಲಿಲ್ಲ, ಇಪ್ಪತ್ತು ಎಣಿಸಿದೆ" ಅಂದರು. ಮನೆಗೆ ಬಂದು ಚೀಟಿ ತಿದ್ದಿದೆ.